ಲಿನಕ್ಸ್ ಎಂಬ ಉಗ್ರಾಣ: ನಮ್ಮ ಗಲ್ಲಾಕ್ಕೆ ಒದಗುವ ಮುಕ್ತ ತಂತ್ರಾಂಶಗಳು



ಬಿಲ್ಲಿಂಗ್ ಗಣಕಯಂತ್ರ ಕೊಳ್ಳುವಾಗ ನಾವೆಲ್ಲ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತೇವೆ. ಬೆಲೆ ಎಷ್ಟು? ಪ್ರಿಂಟರ್ ಜೊತೆಗೇ ಬರುತ್ತದೆಯೇ? ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ನಾಲ್ಕನೆಯ ಒಂದು ಪ್ರಶ್ನೆ ಇದೆ. ಅದನ್ನು ನಾವು ಕೇಳಿರಲಿಲ್ಲ. ಮಾರಿದವರು ನಾಳೆ ಅಂಗಡಿ ಮುಚ್ಚಿಕೊಂಡು ಹೋದರೆ ನಮ್ಮದೇ ಹಳೆಯ ಬಿಲ್ಲುಗಳನ್ನು ನಾವು ತೆರೆದು ನೋಡಬಹುದೇ?

ಮನ್ಮಾಡ್ ಸ್ಟೇಷನ್ ರಸ್ತೆಯ ನಮ್ಮ ಹೋಟೆಲಿನಲ್ಲಿ 2019ರಲ್ಲಿ ಒಂದು ಬಿಲ್ಲಿಂಗ್ ತಂತ್ರಾಂಶ ಹಾಕಿಸಿದ್ದೆವು. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಬೆಳಿಗ್ಗೆ ಪಂಚವಟಿ ಎಕ್ಸ್‌ಪ್ರೆಸ್ಸಿನ ಹೊತ್ತಿನ ನೂಕುನುಗ್ಗಲಿರಲಿ, ಶಿರಡಿಗೆ ಹೋಗುವ ಯಾತ್ರಿಕರು ಒಮ್ಮೆಲೇ ಬಂದು ಕೂತಿರಲಿ, ಒಂದು ದಿನವೂ ಕೈಕೊಟ್ಟಿರಲಿಲ್ಲ. ಹಿಂಬದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಕೀಲಿ ಸಿಕ್ಕಿಸಿರುತ್ತಿದ್ದರು. ಅದಿಲ್ಲದಿದ್ದರೆ ಪ್ರೋಗ್ರಾಂ ತೆರೆಯುವುದಿಲ್ಲ. ಮಾರಿದ ಸಂಸ್ಥೆ ಕೆಲವು ವರ್ಷಗಳಲ್ಲಿ ವ್ಯವಹಾರ ನಿಲ್ಲಿಸಿತು. ಆಮೇಲೆ ಒಂದು ದಿನ ವಿದ್ಯುತ್ತಿನ ಏರಿಳಿತಕ್ಕೆ ಗಣಕಯಂತ್ರದ ಮದರ್‌ಬೋರ್ಡ್ ಸುಟ್ಟಿತು. ಹಾರ್ಡ್ ಡಿಸ್ಕ್ ಉಳಿಯಿತು. ಮಾಹಿತಿಯ ಕಡತವನ್ನು ಪೆನ್ ಡ್ರೈವಿಗೆ ತೆಗೆದುಕೊಂಡೆವು. ಆದರೆ ಹೊಸ ಯಂತ್ರದಲ್ಲಿ ಪ್ರೋಗ್ರಾಂ ಹಾಕಲು ಸಂಸ್ಥೆಯಿಂದ ಹೊಸ ಅನುಮತಿ ಸಂಖ್ಯೆ ಬೇಕು, ಕೊಡಲು ಸಂಸ್ಥೆಯೇ ಇಲ್ಲ. ಮೂರು ವರ್ಷದ ಬಿಲ್ಲುಗಳು ನಮ್ಮ ಕಿಸೆಯಲ್ಲೇ ಇವೆ, ಓದಲು ಮಾತ್ರ ಬರುವುದಿಲ್ಲ.

ಅಷ್ಟರಲ್ಲಿ 2021-22ರ ಮಾರಾಟದ ವಿವರ ಕೇಳಿ ತೆರಿಗೆ ಇಲಾಖೆಯಿಂದ ಪತ್ರ ಬಂತು. ಇದರಲ್ಲಿ ಇಲಾಖೆಯ ತಪ್ಪೇನೂ ಇಲ್ಲ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮು ಹೇಳುವುದೇ ಹಾಗೆ: ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2021-22ರ ವಿವರಪತ್ರಕ್ಕೆ ಕೊನೆಯ ದಿನ 2022ರ ಡಿಸೆಂಬರ್ 31. ಅಂದರೆ ಆ ವರ್ಷದ ಬಿಲ್ಲುಗಳು 2028ರ ಡಿಸೆಂಬರ್ ಮುಗಿಯುವ ತನಕ ನಮ್ಮ ಕೈಯಲ್ಲಿರಬೇಕು. ನಮ್ಮ ಹಿರಿಯರ ಕಾಲದಿಂದ ಬಂದ ಅಭ್ಯಾಸದಂತೆ ರಾತ್ರಿ ಗಲ್ಲಾ ಮುಚ್ಚುವಾಗ ಖಿರ್ದಿ ಪುಸ್ತಕದಲ್ಲಿ ದಿನದ ಒಟ್ಟು ಬರೆಯುತ್ತಿದ್ದೆವು. ಅದೇ ನಮ್ಮನ್ನು ಉಳಿಸಿತು. ಆ ಪುಸ್ತಕವನ್ನೂ ಪೋರ್ಟಲ್ಲಿನಲ್ಲಿ ಆಗ ಸಲ್ಲಿಸಿದ್ದ ವಿವರವನ್ನೂ ಪಕ್ಕಪಕ್ಕ ಇಟ್ಟು, ಎರಡು ವಾರ ರಾತ್ರಿ ಕೂತು, ತಿಂಗಳು ತಿಂಗಳಿನ ತಾಳೆಪಟ್ಟಿ ಮಾಡಿ ಕೊಟ್ಟೆವು.

ಈ ಪಾಡು ಪಟ್ಟ ಮೇಲೆಯೇ ನಾವು ಲಿನಕ್ಸ್ ಮತ್ತು ಮುಕ್ತ ತಂತ್ರಾಂಶದ ಕಡೆ ತಿರುಗಿ ನೋಡಿದ್ದು. ನಮ್ಮಂತೆ ಗಣಕದ ವಿದ್ಯೆ ಕಲಿಯದ ಹೋಟೆಲಿನವರಿಗೆ ಅರ್ಥವಾಗುವಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಾಂಬಾರು ಪುಡಿಯ ಚೀಟಿ

ಪೇಟೆಯಿಂದ ತಂದ ಸಾಂಬಾರು ಪುಡಿಯ ಪೊಟ್ಟಣ ಒಂದು ಬಗೆ. ಒಳಗೆ ಏನು ಎಷ್ಟಿದೆ ಎಂದು ನಮಗೆ ಪೂರ್ತಿ ತಿಳಿಯದು. ತಯಾರಕರು ನಿಲ್ಲಿಸಿದರೆ ಆ ರುಚಿಯೂ ನಿಂತಿತು. ಭಟ್ಟರು ಅಳತೆ ಬರೆದು ಕೊಟ್ಟ ಚೀಟಿ ಇನ್ನೊಂದು ಬಗೆ. ಭಟ್ಟರು ಊರಿಗೆ ಹೋದರೂ ಚೀಟಿ ನೋಡಿ ಬೇರೆಯವರು ಹುರಿದು ಪುಡಿ ಮಾಡಬಹುದು, ಖಾರ ಹೆಚ್ಚಾದರೆ ಕಡಿಮೆ ಮಾಡಬಹುದು, ಅಣ್ಣನ ಹೋಟೆಲಿಗೂ ಒಂದು ಪ್ರತಿ ಕೊಡಬಹುದು. ಗಣಕದ ಪ್ರೋಗ್ರಾಮಿನಲ್ಲಿ ಈ ಚೀಟಿಗೆ ಸೋರ್ಸ್ ಕೋಡ್ ಎನ್ನುತ್ತಾರೆ. ಚೀಟಿಯ ಸಮೇತ ಕೊಡುವ, ತಿದ್ದಲು ಹಂಚಲು ಒಪ್ಪಿಗೆಯನ್ನೂ ಕೊಡುವ ತಂತ್ರಾಂಶವೇ ಓಪನ್ ಸೋರ್ಸ್, ಮುಕ್ತ ತಂತ್ರಾಂಶ.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಇಂಥ ತಂತ್ರಾಂಶಗಳ ಪೂರ್ತಿ ಸರಣಿಯನ್ನೇ ಕಟ್ಟುತ್ತೇವೆಂದು 1983ರಲ್ಲಿ ಘೋಷಿಸಿದರು. ಅದರ ಹೆಸರು ಗ್ನೂ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು ಬರೆದು ಹೊರಬಿಟ್ಟರು. ಎರಡೂ ಕೂಡಿ ಇಂದಿನ ಲಿನಕ್ಸ್ ವ್ಯವಸ್ಥೆ ಆಯಿತು. ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಆದ್ದರಿಂದ ಇದು ನಮಗೆ ತೀರಾ ಅಪರಿಚಿತವೇನಲ್ಲ.

ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. ಹಾಗಾಗಿ ಅವರಿಗೆ ಈ ವಿಷಯ ವಿವರಿಸುವುದೇ ದೊಡ್ಡ ಕಷ್ಟವಾಯಿತು. ಕನ್ನಡದಲ್ಲಿ ಆ ತೊಂದರೆ ಇಲ್ಲ. ಉಚಿತ ಬೇರೆ, ಮುಕ್ತ ಬೇರೆ. ಬಹುಪಾಲು ಮುಕ್ತ ತಂತ್ರಾಂಶಗಳು ದುಡ್ಡಿಲ್ಲದೆ ಸಿಗುತ್ತವೆ ಎಂಬುದು ನಿಜ. ಆದರೆ ಹಾಕಿಕೊಡುವ ಎಂಜಿನಿಯರಿಗೆ ಸಂಬಳ ಕೊಡಬೇಕು, ಹುಡುಗರಿಗೆ ಕಲಿಸುವ ಸಮಯ ಕೊಡಬೇಕು. ಬಿಟ್ಟಿ ಎಂದು ನಂಬಿ ಬರುವವರು ಒಂದೇ ತಿಂಗಳಲ್ಲಿ ಬೈದುಕೊಂಡು ಹಿಂತಿರುಗುತ್ತಾರೆ. ನಮಗೂ ಎಂಜಿನಿಯರ್ ಕೇಳಿದ ಮೊತ್ತ ನೋಡಿ ಮೊದಲು ಸಿಟ್ಟೇ ಬಂದಿತ್ತು.

ಪ್ಯಾಕೇಜು ಎಂದರೇನು?

ಮನ್ಮಾಡಿನವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮೂರಿನಲ್ಲಿ ಭಾರತೀಯ ಆಹಾರ ನಿಗಮದ ದೊಡ್ಡ ಡಿಪೊ ಇದೆ. ರೈಲಿನಲ್ಲಿ ಬಂದ ಧಾನ್ಯ ಅಲ್ಲಿ ಇಳಿಯುತ್ತದೆ, ಪರೀಕ್ಷೆಯಾಗುತ್ತದೆ, ಚೀಟಿ ಹೊಲಿದ ಮೂಟೆಗಳು ಒಟ್ಟಾಗುತ್ತವೆ, ಮುಂದಿನ ಊರುಗಳಿಗೆ ಹೋಗುತ್ತವೆ. ಲಿನಕ್ಸಿನ ಪ್ರತಿಯೊಂದು ಹಂಚಿಕೆಗೂ ಇಂಥದೇ ಒಂದು ಡಿಪೊ ಇದೆ. ಅದಕ್ಕೆ ರೆಪಾಸಿಟರಿ ಎನ್ನುತ್ತಾರೆ. ನಾವು ಉಗ್ರಾಣ ಎನ್ನೋಣ. ಅದರೊಳಗಿನ ಒಂದೊಂದು ಮೂಟೆಯೇ ಪ್ಯಾಕೇಜು. ಉಗ್ರಾಣದ ಪಟ್ಟಿಗೆ ಗಣಿತದ ಒಂದು ಮೊಹರು ಬಿದ್ದಿರುತ್ತದೆ. ದಾರಿಯಲ್ಲಿ ಯಾರಾದರೂ ಮೂಟೆ ಬಿಚ್ಚಿ ಕಲಬೆರಕೆ ಮಾಡಿದ್ದರೆ ನಮ್ಮ ಯಂತ್ರ ಅದನ್ನು ಪತ್ತೆ ಹಚ್ಚಿ, ಹಾಕಲು ಒಪ್ಪುವುದಿಲ್ಲ. ಒಂದೇ ಕಡೆ ಒತ್ತಡ ಬೀಳದಂತೆ ಉಗ್ರಾಣದ ಪ್ರತಿಗಳನ್ನು ಊರೂರಲ್ಲಿ ಇಟ್ಟಿರುತ್ತಾರೆ. ಇವಕ್ಕೆ ಕನ್ನಡಿ ತಾಣಗಳೆಂದು ಹೆಸರು. ಕಾನ್ಪುರದ ಐ.ಐ.ಟಿ. ಅಂಥ ಪ್ರತಿ ಇಟ್ಟುಕೊಂಡಿರುವ ಸಂಸ್ಥೆಗಳಲ್ಲಿ ಒಂದು.

ಹಂಚಿಕೆಗಳು ಹಲವು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ಅದನ್ನು ಆಧರಿಸಿ 2004ರಲ್ಲಿ ಬಂದ ಉಬುಂಟು, ವಿಂಡೋಸ್ ರೂಢಿಯಿದ್ದವರಿಗೆ ಹತ್ತಿರವೆನಿಸುವ ಲಿನಕ್ಸ್ ಮಿಂಟ್, ನಮ್ಮ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಭಾಷೆಗಳಿಗೆಂದು ರೂಪಿಸಿದ ಬಾಸ್. ನಾವು ಡೆಬಿಯನ್ ಆರಿಸಿಕೊಂಡೆವು, ಏಕೆಂದರೆ ನಮ್ಮ ಎಂಜಿನಿಯರಿಗೆ ಅದು ಗೊತ್ತಿತ್ತು. ಆಯ್ಕೆಗೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಡಿ. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರ ಉಗ್ರಾಣದಲ್ಲಿ 69,800ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ನಮ್ಮ ಕೆಲಸಕ್ಕೆ ಬೇಕಾದದ್ದು ಇಪ್ಪತ್ತೂ ಇಲ್ಲ.

ಪ್ಯಾಕೇಜುಗಳ ನಡುವೆ ನಂಟು ಇರುತ್ತದೆ. ದೋಸೆ ಆರ್ಡರ್ ಬಂದರೆ ಹಿಟ್ಟು ಇರಲೇಬೇಕು. ಚಟ್ನಿ ಇಲ್ಲದೆಯೂ ದೋಸೆ ಆಗುತ್ತದೆ, ಆದರೆ ಸಾಮಾನ್ಯವಾಗಿ ಚಟ್ನಿ ಇಟ್ಟೇ ಕೊಡುತ್ತೇವೆ. ಬೆಣ್ಣೆ ಕೇಳಿದವರಿಗೆ ಮಾತ್ರ. ಡೆಬಿಯನ್ನಿನಲ್ಲಿಯೂ ಇದೇ ಮೂರು ಮೆಟ್ಟಿಲು. ಒಂದು ಪ್ಯಾಕೇಜಿಗೆ ಅನಿವಾರ್ಯವಾದದ್ದು ತಾನಾಗಿ ಬರುತ್ತದೆ. ಶಿಫಾರಸು ಮಾಡಿದ್ದೂ, ಬೇಡವೆನ್ನದಿದ್ದರೆ, ಜೊತೆಗೇ ಬರುತ್ತದೆ. ಸಲಹೆಯ ಪಟ್ಟಿಯಲ್ಲಿರುವುದು ನೀವು ಕೇಳಿದರೆ ಮಾತ್ರ. ಈ ಸಪ್ಲೈಯರ್ ಕೆಲಸ ಮಾಡುವ ಪ್ರೋಗ್ರಾಮಿನ ಹೆಸರು ಆಪ್ಟ್. ವಿಂಡೋಸಿನಲ್ಲಿ ಒಂದೊಂದು ತಂತ್ರಾಂಶಕ್ಕೂ ಒಂದೊಂದು ವೆಬ್‌ಸೈಟು ಹುಡುಕಿ, ಅದರೊಂದಿಗೆ ಬೇಡದ ಇನ್ನೆರಡನ್ನು ಇಳಿಸಿಕೊಂಡು ವೈರಸ್ ಅಂಟಿಸಿಕೊಳ್ಳುವ ನಮ್ಮ ಹುಡುಗರ ಚಾಳಿಗೆ ಇಲ್ಲಿ ಅವಕಾಶ ಕಡಿಮೆ. ತಿದ್ದುಪಡಿಗಳೂ ಅದೇ ಉಗ್ರಾಣದಿಂದಲೇ ಬರುತ್ತವೆ.

ತಿದ್ದುಪಡಿ ಎಂದಾಗ ಒಂದು ವಿಷಯ ನೆನಪಿಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಗಲ್ಲಾದ ಹಳೆಯ ಯಂತ್ರಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಏರಲಾರವು. ಅಂಥ ಯಂತ್ರಗಳು ಲಿನಕ್ಸಿನಲ್ಲಿ ಇನ್ನೂ ಕೆಲವು ವರ್ಷ ದುಡಿಯುತ್ತವೆ. ತೀರಾ ಹಳೆಯ 32 ಬಿಟ್ ಯಂತ್ರ ನಿಮ್ಮದಾಗಿದ್ದರೆ ಮಾತ್ರ ಜೋಕೆ: ಡೆಬಿಯನ್ 13 ಅವುಗಳ ಮೇಲೆ ಹೊಸದಾಗಿ ಹಾಕಲು ಬರುವುದಿಲ್ಲ.

ಯಾವ ಕೆಲಸಕ್ಕೆ ಯಾವುದು

ಮೊದಲು ಬಿಲ್ಲಿಂಗ್. ನಮ್ಮ ಮಹಾರಾಷ್ಟ್ರದಲ್ಲೇ ಹುಟ್ಟಿದ್ದು ಇ.ಆರ್.ಪಿ. ನೆಕ್ಸ್ಟ್. ಮುಂಬಯಿಯ ರುಷಭ್ ಮೆಹ್ತಾ ತಮ್ಮ ಕುಟುಂಬದ ಪೀಠೋಪಕರಣ ಉದ್ಯಮಕ್ಕೆ ತಂತ್ರಾಂಶ ಹಾಕಿಸಲು ಹೋಗಿ ಕೈಸುಟ್ಟುಕೊಂಡು, ಆಮೇಲೆ ತಾವೇ ಬರೆಯತೊಡಗಿದ್ದು ಅದು. ಅವರ ಫ್ರಾಪೆ ಸಂಸ್ಥೆ ಅದನ್ನು ಮುಕ್ತವಾಗಿ ಕೊಡುತ್ತದೆ. ಬೆಂಗಳೂರಿನ ಜೆರೋಧಾದಂಥ ದೊಡ್ಡ ಷೇರು ದಲ್ಲಾಳಿ ಸಂಸ್ಥೆಯೂ ಇದನ್ನು ಬಳಸುತ್ತದೆ. ಖರೀದಿ, ದಾಸ್ತಾನು, ಲೆಕ್ಕ, ಗಲ್ಲಾದ ಬಿಲ್ಲು ಎಲ್ಲವೂ ಒಂದೇ ಕಡೆ. ಜಿ.ಎಸ್.ಟಿ.ಗೆ ಇಂಡಿಯಾ ಕಂಪ್ಲಯನ್ಸ್ ಎಂಬ ಮುಕ್ತ ಜೋಡಣೆ ಸಿಗುತ್ತದೆ. ಇ.ಆರ್.ಪಿ. ನೆಕ್ಸ್ಟ್ ಹುಟ್ಟಿ ಬೆಳೆದದ್ದು ಲಿನಕ್ಸಿನ ಮೇಲೆಯೇ. ಎರಡು ಮೂರು ಶಾಖೆ, ಲಾಡ್ಜಿಂಗ್, ಕೇಟರಿಂಗ್ ಇದ್ದವರಿಗೆ ಹೇಳಿಮಾಡಿಸಿದ್ದು. ಎಂಟು ಮೇಜಿನ ಟಿಫಿನ್ ಹೋಟೆಲಿಗೆ ಹೇಳಿದರೆ ಅದು ಇಡ್ಲಿ ಬೇಯಿಸಲು ಬಾಯ್ಲರ್ ತಂದಂತೆ.

ಇನ್ನೊಂದು ಬೆಲ್ಜಿಯಮ್ಮಿನ ಓಡೂ. 2005ರಲ್ಲಿ ಟೈನಿ ಇ.ಆರ್.ಪಿ. ಎಂಬ ಹೆಸರಿನಲ್ಲಿ ಶುರುವಾಗಿ, 2014ರಲ್ಲಿ ಈ ಹೆಸರು ಪಡೆಯಿತು. ಇದರಲ್ಲಿ ಹೋಟೆಲಿಗೆಂದೇ ಒಂದು ಭಾಗವಿದೆ: ಮೇಜುಗಳ ನಕ್ಷೆ, ಮೇಜು ಬದಲಾವಣೆ, ನಾಲ್ವರು ಗೆಳೆಯರು ಬೇರೆ ಬೇರೆ ಬಿಲ್ಲು ಕೇಳಿದರೆ ಒಡೆದು ಕೊಡುವುದು. ಇದರಲ್ಲಿ ಎರಡು ಆವೃತ್ತಿ. ಕಮ್ಯೂನಿಟಿ ಎಂಬುದು ಮುಕ್ತ, ಎಂಟರ್‌ಪ್ರೈಸ್ ಎಂಬುದಕ್ಕೆ ವರ್ಷ ವರ್ಷ ಹಣ. ಕೆಲವು ಸೌಲಭ್ಯ ಎರಡನೆಯದರಲ್ಲಿ ಮಾತ್ರ. ತೋರಿಸಲು ಬಂದವರು ಯಾವುದನ್ನು ತೋರಿಸುತ್ತಿದ್ದಾರೆ ಎಂದು ಮೊದಲೇ ಕೇಳಿಬಿಡಿ. ಇವೆರಡನ್ನೂ ಸಾಮಾನ್ಯವಾಗಿ ತಯಾರಕರಿಂದಲೇ ನೇರವಾಗಿ ಪಡೆಯುತ್ತಾರೆ. ಅವಕ್ಕೆ ಬೇಕಾದ ತಳಹದಿಯ ಪ್ಯಾಕೇಜುಗಳು ಮಾತ್ರ ಉಗ್ರಾಣದಿಂದ ಬರುತ್ತವೆ.

ನಮಗೆ ಮುಖ್ಯವಾದದ್ದು ಈ ತಳಹದಿಯೇ. ಇ.ಆರ್.ಪಿ. ನೆಕ್ಸ್ಟ್ ತನ್ನ ಮಾಹಿತಿಯನ್ನು ಮಾರಿಯಾ ಡಿಬಿಯಲ್ಲಿ ಇಡುತ್ತದೆ, ಓಡೂ ಪೋಸ್ಟ್‌ಗ್ರೆಯಲ್ಲಿ ಇಡುತ್ತದೆ. ಎರಡೂ ಮುಕ್ತ ದತ್ತಾಂಶ ಕೋಶಗಳು, ಎರಡನ್ನೂ ಬಲ್ಲ ಎಂಜಿನಿಯರುಗಳು ನಾಸಿಕ್‌ನಲ್ಲಿಯೂ ಸಿಗುತ್ತಾರೆ, ಸಂಭಾಜಿನಗರದಲ್ಲಿಯೂ ಸಿಗುತ್ತಾರೆ. ಬಿಲ್ಲಿಂಗ್ ಪ್ರೋಗ್ರಾಂ ಪೂರ್ತಿ ಹಾಳಾದರೂ ಕೋಶವನ್ನು ಬೇರೊಬ್ಬರು ತೆರೆದು ಮಸಾಲೆ ದೋಸೆ ಎಷ್ಟು ಹೋಗಿದೆ ಎಂದು ಓದಿ ಹೇಳಬಲ್ಲರು. ನಮ್ಮ ಪೆನ್ ಡ್ರೈವಿನ ಮೂರು ವರ್ಷ ಓದಲು ಬಾರದೆ ಹೋದದ್ದು ಇದು ಇಲ್ಲದ್ದಕ್ಕೆ.

ಬಿಲ್ಲು ಹೊಂದಿಸುವಾಗ ಎರಡು ಕಡೆ ಎಡವಬಹುದು. ಜಿ.ಎಸ್.ಟಿ. ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಪರದೇಶದ ರೂಢಿಯಲ್ಲಿ ಬರುವ ಸಂಖ್ಯಾ ಮಾದರಿ ಇದಕ್ಕಿಂತ ಉದ್ದ ಇರುವುದುಂಟು. ಮೊದಲ ದಿನವೇ ತಿದ್ದಿಸಿ. ಎರಡನೆಯದು ನಾಸಿಕ್, ಸಂಭಾಜಿನಗರದ ಸದಸ್ಯರಿಗೆ ಹೆಚ್ಚು ಅನ್ವಯ. ಸ್ವಿಗ್ಗಿ, ಜೊಮಾಟೊ ಮೂಲಕ ಹೋಗುವ ತಿಂಡಿಯ ಮೇಲಿನ ತೆರಿಗೆಯನ್ನು 2022ರ ಜನವರಿ 1ರಿಂದ ಆ ಸಂಸ್ಥೆಗಳೇ ಕಟ್ಟುತ್ತವೆ. ಒಳಗೆ ಕೂತು ತಿಂದದ್ದು, ಪಾರ್ಸೆಲ್, ಅವರ ಮೂಲಕ ಹೋದದ್ದು, ಈ ಮೂರಕ್ಕೂ ಬೇರೆ ಬೇರೆ ಖಾತೆ ಇಲ್ಲದಿದ್ದರೆ ತಿಂಗಳ ಕೊನೆಗೆ ಆಡಿಟರ ಮುಂದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಬೇಡ ಎನ್ನುವ ಸಣ್ಣ ಹೋಟೆಲಿಗೆ ಲಿಬ್ರೆ ಆಫೀಸ್ ಒಂದೇ ಸಾಕು. ಓಪನ್ ಆಫೀಸ್‌ನಿಂದ 2010ರಲ್ಲಿ ಕವಲೊಡೆದದ್ದು. ಪತ್ರ, ಲೆಕ್ಕದ ಹಾಳೆ, ಎಲ್ಲವೂ ಅದರಲ್ಲುಂಟು. ಎಕ್ಸೆಲ್ ಕಡತಗಳನ್ನು ತೆರೆಯುತ್ತದೆ, ಮರಳಿ ಎಕ್ಸೆಲ್ ರೂಪದಲ್ಲೇ ಉಳಿಸುತ್ತದೆ. ಮೆನು ಪಟ್ಟಿಗಳು ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತವೆ. ನಾವು ಹಾಲು, ತರಕಾರಿ, ಗ್ಯಾಸ್, ಟ್ಯಾಂಕರ್ ನೀರು ಇವುಗಳ ದಿನವಹಿಯನ್ನು ಅದರಲ್ಲೇ ಇಡುತ್ತೇವೆ. ನೀರಿನ ಖರ್ಚಿಗೆ ಪ್ರತ್ಯೇಕ ಕಾಲಂ ಯಾಕೆ ಎಂದು ಮನ್ಮಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜಮೆ-ಖರ್ಚನ್ನು ಶಾಸ್ತ್ರೋಕ್ತವಾಗಿ ಎರಡು ಪಂಕ್ತಿಯಲ್ಲಿ ಬರೆಯಬೇಕೆಂದರೆ ಗ್ನೂ ಕ್ಯಾಶ್ ಎಂಬ ಪ್ಯಾಕೇಜು ಇದೆ, ಆದರೆ ನಮ್ಮ ತೆರಿಗೆ ಪದ್ಧತಿಗೆ ಅದು ಸಿದ್ಧವಾಗಿಲ್ಲ.

ಅಡುಗೆಮನೆಗೆ ಕನ್ನಡದ ಚೀಟಿ

ನಾವು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದೂ, ಅತಿ ಹೆಚ್ಚು ಸಂತೋಷಪಟ್ಟದ್ದೂ ಈ ವಿಷಯದಲ್ಲಿ. ನಮ್ಮ ದೋಸೆ ಭಟ್ಟರು ಕುಂದಾಪುರ ಕಡೆಯವರು, ಕನ್ನಡ ಓದುತ್ತಾರೆ. ಚಪಾತಿ-ಪಲ್ಯದ ಕಡೆ ಇರುವವರು ಮರಾಠವಾಡದವರು, ದೇವನಾಗರಿ ಓದುತ್ತಾರೆ. ಇಷ್ಟು ವರ್ಷ ಇಬ್ಬರಿಗೂ ಇಂಗ್ಲಿಷಿನಲ್ಲಿ ಕೆ.ಓ.ಟಿ. ಕೊಡುತ್ತಿದ್ದೆವು. ಸಪ್ಲೈಯರ್ ಓದಿ ಹೇಳುತ್ತಿದ್ದ, ಅವನು ಮರೆತರೆ ಸೆಟ್ ದೋಸೆಯ ಬದಲು ಸಾದಾ ದೋಸೆ ಬರುತ್ತಿತ್ತು.

ಲಿನಕ್ಸಿನಲ್ಲಿ ಮುದ್ರಣದ ಕೆಲಸ ಮಾಡುವ ಪ್ಯಾಕೇಜು ಕಪ್ಸ್. ನಮ್ಮ ಬಿಲ್ಲಿನ ಥರ್ಮಲ್ ಪ್ರಿಂಟರುಗಳಲ್ಲಿ ಬಹುಪಾಲು ಎಪ್ಸನ್ ಸಂಸ್ಥೆ ರೂಢಿಗೆ ತಂದ ಆಜ್ಞೆಗಳನ್ನು ಪಾಲಿಸುತ್ತವೆ. ಪ್ರಿಂಟರಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಮತ್ತು ಕೆಲವು ಪರದೇಶದ ಲಿಪಿಗಳ ಅಕ್ಷರ ಮಾತ್ರ ಇರುತ್ತವೆ. ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಮಾಲೆ ಹೊರಬರುತ್ತದೆ. ನಮಗೂ ಮೊದಲ ದಿನ ಬಂದದ್ದು ಅದೇ. ಪರಿಹಾರವೆಂದರೆ ಅಕ್ಷರ ಕಳಿಸದೆ ಅಕ್ಷರದ ಚಿತ್ರ ಕಳಿಸುವುದು. ಗಣಕಯಂತ್ರವೇ ಒತ್ತಕ್ಷರ, ಗುಣಿತಗಳನ್ನು ಜೋಡಿಸಿ ಚಿತ್ರ ಮಾಡಿ ಕಳಿಸುತ್ತದೆ, ಪ್ರಿಂಟರು ಚುಕ್ಕಿಗಳಂತೆ ಅಚ್ಚು ಹಾಕುತ್ತದೆ. ಈಗ ದೋಸೆ ಒಲೆಯ ಬಳಿ ಕನ್ನಡ, ಚಪಾತಿ ಒಲೆಯ ಬಳಿ ದೇವನಾಗರಿ. ಚಿತ್ರದ ಮುದ್ರಣ ತುಸು ನಿಧಾನ, ರೈಲು ಬಂದ ಹೊತ್ತಿನಲ್ಲಿ ಅದು ಗೊತ್ತಾಗುತ್ತದೆ. ಚೀಟಿಯಲ್ಲಿ ಹೋಟೆಲಿನ ಹೆಸರು, ವಿಳಾಸ ತೆಗೆದು ತಿಂಡಿಯ ಹೆಸರನ್ನಷ್ಟೇ ಉಳಿಸಿದ ಮೇಲೆ ಸರಿಹೋಯಿತು.

ಇದಕ್ಕೆ ಬೇಕಾದ ಕನ್ನಡ ಅಕ್ಷರಶೈಲಿಗಳು ಉಗ್ರಾಣದಲ್ಲಿ ಒಂದೇ ಪ್ಯಾಕೇಜಿನ ಮೂಲಕ ಬರುತ್ತವೆ: ಲೋಹಿತ್, ಗುಬ್ಬಿ, ನವಿಲು. ಗುಬ್ಬಿ, ನವಿಲುಗಳನ್ನು ಮಾಡಿಕೊಟ್ಟವರು ಅರವಿಂದ ವಿ.ಕೆ. ಎಂಬ ಕನ್ನಡಿಗರು. ಬೋರ್ಡಿಗೂ ಮೆನು ಕಾರ್ಡಿಗೂ ಗುಬ್ಬಿ ಚೆನ್ನಾಗಿ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕೀಲಿಮಣೆಯ ವಿಷಯಕ್ಕೆ ಬಂದರೆ, ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕಗಪ ವಿನ್ಯಾಸ ಲಿನಕ್ಸಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಭಾಷೆಗಳ ಪಟ್ಟಿಯಲ್ಲಿ ಆರಿಸಿದರೆ ಆಯಿತು. ನುಡಿ ಬಳಸಿದವರಿಗೆ ಬೆರಳು ತಾನೇ ಓಡುತ್ತದೆ. ಹಿಂದೆ ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಟ್ಟ ಮೆನು ಪಟ್ಟಿಗಳು ಮಾತ್ರ ಹಾಗೇ ತೆರೆದರೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇವೆ. ಮೆನು ಕಾರ್ಡ್ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಫೋಟೋ ತಿದ್ದಲು ಗಿಂಪ್. ಅಚ್ಚಾದ ಕನ್ನಡ, ಮರಾಠಿ ಪುಟದ ಚಿತ್ರದಿಂದ ಅಕ್ಷರ ಓದಿ ತೆಗೆಯಲು ಟೆಸೆರಾಕ್ಟ್. ತರಕಾರಿಯವರ ಕೈಬರಹ ಅದಕ್ಕೆ ತಿಳಿಯುವುದಿಲ್ಲ, ಒಮ್ಮೊಮ್ಮೆ ನಮಗೂ ತಿಳಿಯುವುದಿಲ್ಲ. ಕ್ಯೂ.ಆರ್. ಎನ್‌ಕೋಡ್ ಎಂಬ ಪುಟ್ಟ ಪ್ಯಾಕೇಜು ಇದೆ: ಬಿಲ್ಲಿನ ಮೊತ್ತವನ್ನೇ ಸೇರಿಸಿ ಯು.ಪಿ.ಐ. ಚೌಕವನ್ನು ಬಿಲ್ಲಿನ ಕೆಳಗೆ ಮುದ್ರಿಸಬಹುದು, ಗಿರಾಕಿ ಮೊತ್ತ ಒತ್ತುವ ತಪ್ಪು ಆಗುವುದಿಲ್ಲ. ಮೇಜಿನ ಮೇಲಿನ ಸ್ಟಿಕ್ಕರಿನ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸುವ ಮೋಸಕ್ಕೂ ಇಲ್ಲಿ ಜಾಗವಿಲ್ಲ. ಆದರೆ ಹಣ ಬಂತೋ ಇಲ್ಲವೋ ಎಂಬುದನ್ನು ಈ ಚೌಕ ಹೇಳುವುದಿಲ್ಲ. ಬ್ಯಾಂಕಿನ ಸಂದೇಶ ಅಥವಾ ಮಾತಾಡುವ ಪೆಟ್ಟಿಗೆಯನ್ನೇ ನಂಬಬೇಕು, ಗಿರಾಕಿ ತೋರಿಸುವ ಪರದೆಯನ್ನಲ್ಲ.

ಪ್ರತಿ ತೆಗೆದಿಡಲು ಆರ್‌ಸಿಂಕ್ ಎಂಬ ಪ್ಯಾಕೇಜು ಬಳಸುತ್ತೇವೆ. ಬದಲಾದಷ್ಟನ್ನು ಮಾತ್ರ ನಕಲು ಮಾಡುವುದರಿಂದ ರಾತ್ರಿ ಬೇಗ ಮುಗಿಯುತ್ತದೆ. ಗುಂಡಿ ಒತ್ತಿ ಮಾಡುವಂಥದು ಬೇಕಿದ್ದರೆ ದೇಜಾ ದೂಪ್ ಇದೆ. ಒಂದು ಪ್ರತಿ ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಮನೆಯಲ್ಲಿ. ಗಲ್ಲಾದ ಡ್ರಾಯರಿನಲ್ಲೇ ಇಟ್ಟ ಪೆನ್ ಡ್ರೈವನ್ನು ಬ್ಯಾಕಪ್ ಎನ್ನಲಾಗದು. ಬೆಂಕಿಯಾಗಲಿ ಕಳ್ಳನಾಗಲಿ ಯಂತ್ರದ ಜೊತೆಗೇ ಅದನ್ನೂ ಒಯ್ಯುತ್ತಾರೆ.

ಆಗದೆ ಹೋದದ್ದು

ಟ್ಯಾಲಿ. ಅದು ವಿಂಡೋಸಿಗೆಂದು ಮಾಡಿದ್ದು, ಮುಕ್ತವೂ ಅಲ್ಲ. ನಮ್ಮ ಆಡಿಟರು ಅದನ್ನೇ ಕೇಳುತ್ತಾರೆ. ಲಿನಕ್ಸಿನ ಮೇಲೆ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಎಂಬ ಪ್ಯಾಕೇಜು ಇದೆ, ಆದರೆ ಲೆಕ್ಕಪತ್ರದಂಥ ಕೆಲಸವನ್ನು ಅದರ ಮೇಲೆ ಬಿಡಲು ನಮಗೆ ಧೈರ್ಯವಿಲ್ಲ. ಲೆಕ್ಕದವರ ಕೋಣೆಯಲ್ಲಿ ಒಂದು ವಿಂಡೋಸ್ ಯಂತ್ರವನ್ನು ಹಾಗೆಯೇ ಉಳಿಸಿಕೊಂಡೆವು. ಗಲ್ಲಾದಿಂದ ತಿಂಗಳ ಮೊತ್ತ ಅಲ್ಲಿಗೆ ಕಡತದ ರೂಪದಲ್ಲಿ ಹೋಗುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಕೆಂದು ಯಾವ ದೇವರೂ ಹೇಳಿಲ್ಲ.

ಎರಡನೆಯದು ಹುಡುಗರ ಅಂಜಿಕೆ. ಹದಿನೈದು ದಿನ ಗೊಣಗಿದರು. ಇದರ ನಡುವೆ ಒಂದು ತಮಾಷೆ ನಡೆಯಿತು. ಕಾಸರಗೋಡು ಕಡೆಯಿಂದ ಗಲ್ಲಾಕ್ಕೆ ಹೊಸದಾಗಿ ಸೇರಿದ ಹುಡುಗ ಪರದೆ ನೋಡಿದವನೇ "ಇದು ನಮ್ಮ ಶಾಲೆಯದ್ದೇ ಅಲ್ಲವಾ ಅಣ್ಣ" ಎಂದ. ಕೇರಳದ ಸರಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಬಹಳ ವರ್ಷಗಳಿಂದ ಗಣಕ ಪಾಠ ನಡೆಯುತ್ತಿರುವುದು ಲಿನಕ್ಸಿನ ಮೇಲೆಯೇ. ಉಳಿದವರಿಗೆ ಅವನೇ ಗುರುವಾದ.

ಮೂರನೆಯದು, ಎಂಜಿನಿಯರ್ ಒಬ್ಬರ ಮೇಲೇ ನಿಂತುಬಿಡುವ ಅಪಾಯ. ತಂತ್ರಾಂಶ ಮುಕ್ತವಾಗಿದ್ದರೂ ಸಂಕೇತಪದ ಅವರ ಹತ್ತಿರ ಮಾತ್ರ ಇದ್ದರೆ ನಮ್ಮ ಪಾಡು ಹಳೆಯ ಕೀಲಿಯ ಪಾಡೇ. ಯಂತ್ರದ ಮುಖ್ಯ ಸಂಕೇತಪದ, ಕೋಶದ ಸಂಕೇತಪದ, ಹಾಕಿದ ಪ್ಯಾಕೇಜುಗಳ ಪಟ್ಟಿ ಇವನ್ನು ಕಾಗದದಲ್ಲಿ ಬರೆಸಿ, ಲಕೋಟೆಯಲ್ಲಿಟ್ಟು, ಮನೆಯ ಕಪಾಟಿಗೆ ಹಾಕಿದ ಮೇಲೆಯೇ ಅವರ ಕೊನೆಯ ಕಂತು ಕೊಟ್ಟೆವು.

ಆರಂಭ ಹೇಗೆ?

ಮೊದಲು ಇರುವ ವಿಂಡೋಸಿನ ಮೇಲೇ ಲಿಬ್ರೆ ಆಫೀಸ್ ಹಾಕಿ ಒಂದು ತಿಂಗಳು ಬಳಸಿ. ಅದು ಅಲ್ಲಿಯೂ ನಡೆಯುತ್ತದೆ. ಅನಂತರ ಪೆನ್ ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಿ. ಹಾರ್ಡ್ ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ಪೆನ್ ಡ್ರೈವಿನಿಂದ ಏಳುತ್ತದೆ, ತೆಗೆದರೆ ಹಳೆಯ ವಿಂಡೋಸ್ ಇದ್ದಂತೆ ಇರುತ್ತದೆ. ನಿಮ್ಮ ಪ್ರಿಂಟರ್, ಗಲ್ಲಾ ಡ್ರಾಯರ್, ವೈಫೈ ಹಿಡಿಯುತ್ತವೆಯೇ ಎಂದು ಅಲ್ಲೇ ತಿಳಿಯುತ್ತದೆ. ಆಮೇಲೆ ಬೇರೊಂದು ಯಂತ್ರದಲ್ಲಿ ಹೊಸ ಬಿಲ್ಲಿಂಗ್ ಹಾಕಿ, ಒಂದು ತಿಂಗಳು ಎರಡನ್ನೂ ಜೊತೆಗೆ ನಡೆಸಿ, ರಾತ್ರಿಯ ಮೊತ್ತ ತಾಳೆ ನೋಡಿ. ತೆರಿಗೆಯ ಬಿಲ್ಲು ಮಾತ್ರ ಒಂದೇ ಕಡೆಯಿಂದ ಹೋಗಲಿ. ದಸರಾ, ದೀಪಾವಳಿ, ಮದುವೆ ಹಂಗಾಮಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ನಾವು ಆಷಾಢದಲ್ಲಿ ಮಾಡಿದೆವು.

ಮುಕ್ತವಾಗಿರಲಿ, ಹಣ ಕೊಟ್ಟದ್ದಾಗಿರಲಿ, ನಿಮ್ಮಲ್ಲಿರುವ ಯಾವುದೇ ಬಿಲ್ಲಿಂಗಿಗೂ ಒಂದು ಪರೀಕ್ಷೆ ಇದೆ. ಇದನ್ನು ಇವತ್ತೇ ಮಾಡಬಹುದು. ಕಳೆದ ತಿಂಗಳ ಎಲ್ಲ ಬಿಲ್ಲುಗಳನ್ನು, ಸಂಖ್ಯೆ, ದಿನಾಂಕ, ತಿಂಡಿ, ಮೊತ್ತ, ತೆರಿಗೆ ಸಮೇತ, ಸಿ.ಎಸ್.ವಿ. ಎಂಬ ಸಾದಾ ಕಡತವಾಗಿ ಹೊರತೆಗೆಯಿರಿ. ಅದನ್ನು ಆ ತಂತ್ರಾಂಶ ಇಲ್ಲದ ಬೇರೊಂದು ಯಂತ್ರಕ್ಕೆ ಒಯ್ದು ಲಿಬ್ರೆ ಆಫೀಸಿನಲ್ಲಿ ತೆರೆಯಿರಿ. ಒಟ್ಟು ಮೊತ್ತ ಖಿರ್ದಿಗೆ ತಾಳೆಯಾದರೆ ನಿಶ್ಚಿಂತೆ. ಹೊರತೆಗೆಯುವ ದಾರಿಯೇ ಇಲ್ಲವೆಂದರೆ, ಅಥವಾ ಅದಕ್ಕೆ ಬೇರೆ ಹಣ ಕೇಳಿದರೆ, ಮಾರಿದವರು ಫೋನ್ ಎತ್ತುತ್ತಿರುವಾಗಲೇ ಮಾತಾಡಿ ಮುಗಿಸಿಕೊಳ್ಳಿ.

ನಾವು ಪ್ರತಿ ತಿಂಗಳ 1ನೇ ತಾರೀಕು ಮಧ್ಯಾಹ್ನ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಇದನ್ನು ಮಾಡುತ್ತೇವೆ. ಕಡತ ತೆರೆಯುವಾಗ ಒಂದು ಕಿಟಕಿ ಬಂದು ಅಕ್ಷರ ಸಮೂಹ ಯಾವುದೆಂದು ಕೇಳುತ್ತದೆ. ಅಲ್ಲಿ ಯು.ಟಿ.ಎಫ್.-8 ಎಂಬುದನ್ನು ಆರಿಸಿ. ನಾವು ಮೊದಲ ಸಲ ಅದನ್ನು ನೋಡದೆ ಸರಿ ಎಂದು ಒತ್ತಿಬಿಟ್ಟೆವು. ಮೊತ್ತವೆಲ್ಲ ಸರಿಯಿತ್ತು, ಮಸಾಲೆ ದೋಸೆಯ ಜಾಗದಲ್ಲಿ ಮಾತ್ರ ಯಾವ ಭಾಷೆಯದೂ ಅಲ್ಲದ ಅಕ್ಷರಗಳು ಕೂತಿದ್ದವು.